ವ್ಯೂಪೋರ್ಟ್‌ಗಳಲ್ಲಿ ಲೇಯರ್ ತೋರಿಸುವುದು, ಮರೆಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮಹಡಿಯ ಮೇಲೆ ಕುಳಿತು ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಕೆಲಸ ಕಲಿಯಲು ಬರುವವರಿಗೆ ಗೋಡೆ ಎಳೆಯುವುದು, ಅಳತೆ ಹಾಕುವುದು ಬರುತ್ತದೆ. ಹಾಳೆ ಜೋಡಿಸುವ ಹೊತ್ತಿಗೆ ಮಾತ್ರ ಎಲ್ಲರೂ ಎಡವುವುದು ಒಂದೇ ಕಡೆ: ಒಂದು ಹಾಳೆಯಲ್ಲಿ ಬೇಡವಾದದ್ದನ್ನು ಮರೆಮಾಡಿದರೆ ಇನ್ನೊಂದು ಹಾಳೆಯಲ್ಲಿ ಬೇಕಾದದ್ದೂ ಮಾಯವಾಗುತ್ತದೆ. ಆಗ ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳೆಲ್ಲ ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶವನ್ನು ಹಿಡಿದು ಬರೆದವು. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್ ಬಳಸುವವರಿಗೂ ಬಹುಪಾಲು ಹೊಂದುತ್ತವೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಒತ್ತಬೇಕಾದದ್ದು ಇಂಗ್ಲಿಷ್ ಅಕ್ಷರಗಳನ್ನೇ ಎಂದು ಬೇರೆ ಹೇಳಬೇಕಿಲ್ಲ.

ವ್ಯೂಪೋರ್ಟ್ ಎಂದರೆ ನಿಜವಾಗಿ ಏನು?

ಮಾಡೆಲ್ ಎಂದರೆ ನಾವು ನಕ್ಷೆ ಬರೆಯುವ ಜಾಗ, ಅಲ್ಲಿ ಮನೆ ತನ್ನ ನಿಜವಾದ ಅಳತೆಯಲ್ಲಿ ನಿಂತಿರುತ್ತದೆ. ಹನ್ನೆರಡು ಮೀಟರ್ ಗೋಡೆ ಅಲ್ಲಿ ಹನ್ನೆರಡು ಮೀಟರ್. ಲೇಔಟ್ ಎಂದರೆ ಮುದ್ರಣಕ್ಕೆ ಹೋಗುವ ಹಾಳೆ: ಎ3 ಆದರೆ 420 × 297 ಮಿಲಿಮೀಟರ್. ಆ ಹಾಳೆಯಲ್ಲಿ ಕೊರೆದ ಕಿಟಕಿಯೇ ವ್ಯೂಪೋರ್ಟ್. ಕಿಟಕಿಗೆ ಒಂದು ಸ್ಕೇಲ್ ಕೊಡುತ್ತೀರಿ, 1:100 ಎಂದರೆ ಆ ಗೋಡೆ ಹಾಳೆಯ ಮೇಲೆ 120 ಮಿಲಿಮೀಟರ್ ಆಗಿ ಕಾಣುತ್ತದೆ. ಒಂದು ಹಾಳೆಯಲ್ಲಿ ಎಷ್ಟು ಕಿಟಕಿ ಬೇಕಾದರೂ ಕೊರೆಯಬಹುದು. ಎಲ್ಲವೂ ನೋಡುವುದು ಅದೇ ಮನೆಯನ್ನು.

ಹಿಂದೆ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿ ಪೆನ್ನಿನಲ್ಲಿ ನಕ್ಷೆ ಬರೆಯುತ್ತಿದ್ದವರಿಗೆ ಲೇಯರ್ ಎಂದರೇನೆಂದು ವಿವರಿಸಬೇಕಿರಲಿಲ್ಲ. ಕೆಳಗೆ ಗೋಡೆಯ ಹಾಳೆ, ಮೇಲೊಂದು ವಿದ್ಯುತ್ತಿನ ಹಾಳೆ, ಬೇಡವಾದರೆ ಎತ್ತಿಟ್ಟರಾಯಿತು. ಕಂಪ್ಯೂಟರಿನಲ್ಲಿ ಒಂದು ಹೆಚ್ಚಿನ ಅನುಕೂಲವಿದೆ: ಈ ಕಿಟಕಿಯವನಿಗೆ ಮಾತ್ರ ಎತ್ತಿಟ್ಟು, ಆ ಕಿಟಕಿಯವನಿಗೆ ಹಾಗೆಯೇ ಬಿಡಬಹುದು. 1982ರಲ್ಲಿ ಬಂದ ಆಟೋಕ್ಯಾಡ್‌ಗೆ ಹಾಳೆ ಮತ್ತು ಕಿಟಕಿಯ ಈ ಪದ್ಧತಿ ಸೇರಿದ್ದು 1990ರ ಹನ್ನೊಂದನೆಯ ಆವೃತ್ತಿಯಲ್ಲಿ. ಕಿಟಕಿಗೊಂದು ಬಣ್ಣ, ಕಿಟಕಿಗೊಂದು ಗೆರೆ ಎನ್ನುವ ಸೌಲಭ್ಯ ಬಂದದ್ದು 2008ರ ಆವೃತ್ತಿಯಲ್ಲಿ.

ಇಷ್ಟೆಲ್ಲ ಯಾಕೆ? ಪ್ರತಿ ಹಾಳೆಗೂ ಪ್ಲಾನನ್ನು ಕಾಪಿ ಮಾಡಿಕೊಂಡರೆ ಆಗದೇ?

ಆಗುತ್ತದೆ. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಹೊಸನಗರದ ಕಡೆಯ ಒಂದು ಮನೆಗೆ ಪ್ಲಾನನ್ನು ಮೂರು ಸಲ ಪಕ್ಕಪಕ್ಕದಲ್ಲಿ ಕಾಪಿ ಮಾಡಿದ್ದೆ: ಒಂದು ಮೇಸ್ತ್ರಿಗೆ, ಒಂದು ಎಲೆಕ್ಟ್ರೀಷಿಯನ್ನಿಗೆ, ಒಂದು ನೀರಿನ ಪೈಪಿನವರಿಗೆ. ಮನೆಯ ಯಜಮಾನರು ಬಂದು, ಬಚ್ಚಲಿನ ಬಾಗಿಲು ಅಡುಗೆಮನೆಯ ಕಡೆಗೆ ಬೇಡ, ಹಿತ್ತಿಲ ಕಡೆಗೆ ತಿರುಗಿಸಿ ಎಂದರು. ಮೇಸ್ತ್ರಿಯ ಕಾಪಿಯಲ್ಲಿ ತಿರುಗಿಸಿದೆ, ಪೈಪಿನವರ ಕಾಪಿಯಲ್ಲೂ ತಿರುಗಿಸಿದೆ. ಮೂರನೆಯದು ಮರೆತುಹೋಯಿತು. ಆಷಾಢದ ಮಳೆಯಲ್ಲಿ ಮೇಸ್ತ್ರಿ ಫೋನ್ ಮಾಡಿ, "ಸಾರ್, ಸ್ವಿಚ್ ಬೋರ್ಡ್ ಬಾಗಿಲಿನ ಹಿಂದೆ ಬಂದಿದೆ, ಬಾಗಿಲು ಮುಚ್ಚಿಕೊಂಡು ದೀಪ ಹಾಕಬೇಕೇ?" ಎಂದು ಕೇಳಿದರು. ಗೋಡೆ ಕಡಿದು ಪೈಪ್ ಬದಲಿಸಿದ ಖರ್ಚು ನನ್ನದೇ ಆಯಿತು.

ಮನೆ ಒಂದೇ ಇರಲಿ, ಕಿಟಕಿಗಳು ಬೇಕಾದಷ್ಟಿರಲಿ. ಬಾಗಿಲನ್ನು ಒಂದು ಸಲ ತಿರುಗಿಸಿದರೆ ಮೂರೂ ಹಾಳೆಗಳಲ್ಲಿ ತಿರುಗಬೇಕು.

ಆಫ್, ಫ್ರೀಜ್, ವಿಪಿ ಫ್ರೀಜ್: ಮೂರರಲ್ಲಿ ಯಾವುದನ್ನು ಯಾವಾಗ ಬಳಸಬೇಕು?

ಆಫ್ ಮತ್ತು ಫ್ರೀಜ್ ಎರಡೂ ಇಡೀ ಕಡತಕ್ಕೆ ಅನ್ವಯಿಸುತ್ತವೆ. ಲೇಯರ್ ಪಟ್ಟಿಯಲ್ಲಿ ಬಲ್ಬಿನ ಚಿತ್ರ ಒತ್ತಿ ನಂದಿಸಿದರೆ (ಆಫ್) ಅಥವಾ ಸೂರ್ಯನ ಚಿತ್ರ ಒತ್ತಿ (ಫ್ರೀಜ್) ಹಿಮದ ಹರಳು ಮಾಡಿದರೆ ಆ ಲೇಯರ್ ಮಾಡೆಲ್‌ನಲ್ಲೂ ಇಲ್ಲ, ಯಾವ ಕಿಟಕಿಯಲ್ಲೂ ಇಲ್ಲ. ಇವೆರಡರ ನಡುವಿನ ಅಂತರ ಸಣ್ಣದಾದರೂ ಅಪಾಯದ್ದು. ಆಫ್ ಆದ ಲೇಯರಿನ ವಸ್ತು ಕಣ್ಣಿಗೆ ಕಾಣದಿದ್ದರೂ ಆಯ್ಕೆಗೆ ಸಿಗುತ್ತದೆ: ಇರೇಸ್ ಕೊಟ್ಟು 'ಆಲ್' ಎಂದು ಬರೆದರೆ ಅದೂ ಅಳಿಸಿಹೋಗುತ್ತದೆ. ಫ್ರೀಜ್ ಆದದ್ದು ಹಾಗೆ ಸಿಗುವುದಿಲ್ಲ. ಆದ್ದರಿಂದ ಆಫ್ ಎನ್ನುವುದನ್ನು ನಾನು ಕೆಲಸದ ನಡುವಿನ ಐದು ನಿಮಿಷಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ವಿಪಿ ಎಂದರೆ ವ್ಯೂಪೋರ್ಟ್. ವಿಪಿ ಫ್ರೀಜ್ ಒಂದು ಕಿಟಕಿಗೆ ಮಾತ್ರ. ಹಾಳೆ ಜೋಡಿಸುವಾಗ ಬೇಕಾದದ್ದು ಇದೊಂದೇ. ಇಲ್ಲೊಂದು ಮೇಲುಕೀಳು ಇದೆ, ಮರೆಯಬೇಡಿ: ಲೇಯರ್ ಇಡೀ ಕಡತಕ್ಕೇ ಫ್ರೀಜ್ ಆಗಿದ್ದರೆ ಕಿಟಕಿಯಲ್ಲಿ ಎಷ್ಟು ಸಲ ಥಾ ಮಾಡಿದರೂ (ಫ್ರೀಜ್ ಬಿಡಿಸಿದರೂ) ಅದು ಕಾಣುವುದಿಲ್ಲ. ಊರಿಗೇ ಕರೆಂಟ್ ಹೋದಾಗ ನಮ್ಮ ಮನೆಯ ಸ್ವಿಚ್ ಒತ್ತಿ ಪ್ರಯೋಜನವಿಲ್ಲ. "ಸರ್, ವಿಪಿ ಥಾ ಮಾಡಿದ್ದೇನೆ, ಆದರೂ ಬರುತ್ತಿಲ್ಲ" ಎಂದು ಕೇಳುವವರಲ್ಲಿ ಹೆಚ್ಚಿನವರ ಕಥೆ ಇದೇ.

ವಿಪಿ ಫ್ರೀಜ್ ಕಾಲಮ್ ನನ್ನ ಲೇಯರ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನೀವು ಮಾಡೆಲ್ ಟ್ಯಾಬಿನಲ್ಲಿದ್ದೀರಿ. ಲೇಔಟ್ ಟ್ಯಾಬಿಗೆ ಬನ್ನಿ, ಕಿಟಕಿಯ ಒಳಗೆ ಎರಡು ಸಲ ಕ್ಲಿಕ್ ಮಾಡಿ, ಅಂಚು ದಪ್ಪವಾದ ಮೇಲೆ ಲೇಯರ್ ಪಟ್ಟಿ ತೆರೆಯಿರಿ. ಕಾಲಮ್ ಬಲಗಡೆ ಬಹಳ ದೂರದಲ್ಲಿರುತ್ತದೆ, ಎಳೆದುಕೊಂಡು ಹತ್ತಿರ ಇಟ್ಟುಕೊಳ್ಳಿ.

ವಿಪಿ ಫ್ರೀಜ್ ಒತ್ತಿದೆ. ಕಿಟಕಿಯೊಳಗೆ ಏನೂ ಆಗಲಿಲ್ಲ, ಹಾಳೆಯ ಟೈಟಲ್ ಬ್ಲಾಕ್ (ಹೆಸರು, ವಿವರ ಬರೆದ ಚೌಕ) ಮಾಯವಾಯಿತು!

ಕಿಟಕಿಯ ಒಳಗೆ ಹೋಗದೆ, ಹಾಳೆಯ ಮೇಲೆ ನಿಂತುಕೊಂಡೇ ಒತ್ತಿದ್ದೀರಿ. ಆಗ ಆಟೋಕ್ಯಾಡ್ ಹಾಳೆಯನ್ನೇ ಒಂದು ಕಿಟಕಿ ಎಂದು ತಿಳಿದು, ಹಾಳೆಯ ಮೇಲೆ ಬರೆದದ್ದನ್ನು ಮರೆಮಾಡುತ್ತದೆ. ನಿಂತಲ್ಲೇ ಮತ್ತೊಮ್ಮೆ ಒತ್ತಿದರೆ ಟೈಟಲ್ ಬ್ಲಾಕ್ ವಾಪಸು. ಒಳಗೆ ಹೋಗಲು ಎಂಸ್ಪೇಸ್, ಹೊರಗೆ ಬರಲು ಪಿಸ್ಪೇಸ್ ಎಂಬ ಕಮಾಂಡ್‌ಗಳೂ ಇವೆ.

ಒಳಗೆ ಹೋಗುವ ಮೊದಲು ಕಿಟಕಿಯನ್ನು ಲಾಕ್ ಮಾಡಿ. ಇಲ್ಲದಿದ್ದರೆ ಮೌಸಿನ ಚಕ್ರ ಒಂದು ಸಲ ತಿರುಗಿದರೆ ಸಾಕು, 1:100 ಹೋಗಿ ಯಾವುದೋ ಸ್ಕೇಲ್ ಆಗಿರುತ್ತದೆ. ಅದು ಗೊತ್ತಾಗುವುದು ಮೇಸ್ತ್ರಿ ಹಾಳೆಯ ಮೇಲೆ ಸ್ಕೇಲ್ ಇಟ್ಟಾಗ.

ನೆಲದ ಪ್ಲಾನ್ ಮೇಲೆಯೇ ಮಾಡಿನ (ಛಾವಣಿಯ) ಪ್ಲಾನ್ ಇದೆ. ಎರಡನ್ನೂ ಬೇರೆಬೇರೆ ಹಾಳೆಯಲ್ಲಿ ತೋರಿಸುವುದು ಹೇಗೆ?

ಮಲೆನಾಡಿನ ಮನೆಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಬಯಲುಸೀಮೆಯ ಚಪ್ಪಟೆ ಸ್ಲ್ಯಾಬಿನ ಮನೆಯಾದರೆ ಮಾಡಿಗೆ ಒಂದು ಚೌಕ ಎಳೆದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ತೊಲೆ, ಪಕಾಸು, ರೀಪು, ಅದರ ಮೇಲೆ ಹೆಂಚು, ಗೋಡೆಯಿಂದ ಎರಡೂವರೆ ಅಡಿ ಹೊರಗೆ ಚಾಚಿದ ಸೂರು. ಆಗುಂಬೆಯ ಕಡೆಯ ಮಳೆಗೆ ಸೂರು ಒಂದು ಅಡಿ ಕಡಿಮೆಯಾದರೂ ಜಗುಲಿಯ ಮೇಲೆ ನೀರು ನಿಲ್ಲುತ್ತದೆ. ಆದ್ದರಿಂದ ನೆಲದ ಪ್ಲಾನ್ ನೋಡುವ ಮೇಸ್ತ್ರಿಗೂ ಸೂರು ಎಲ್ಲಿಯವರೆಗೆ ಬರುತ್ತದೆ ಎಂದು ಗೊತ್ತಾಗಬೇಕು, ಪಕಾಸು ರೀಪುಗಳು ಮಾತ್ರ ಕಣ್ಣಿಗೆ ಅಡ್ಡ ಬರಬಾರದು.

ನಾನು ಮಾಡುವುದು ಹೀಗೆ. ಮಾಡನ್ನು ಗೋಡೆಗಳ ಮೇಲೆ, ಅದು ನಿಜವಾಗಿ ಇರುವ ಜಾಗದಲ್ಲಿಯೇ ಬರೆಯುತ್ತೇನೆ. ಲೇಯರ್ ಮಾತ್ರ ಮೂರು: ಮಾಡು-ಸೂರು, ಮಾಡು-ಮರ, ಮಾಡು-ಹೆಂಚು. ಮೊದಲನೆಯ ಹಾಳೆಯ ಕಿಟಕಿಯೊಳಗೆ ಹೋಗಿ ಮರ ಮತ್ತು ಹೆಂಚನ್ನು ವಿಪಿ ಫ್ರೀಜ್ ಮಾಡುತ್ತೇನೆ. ಸೂರಿನ ಲೇಯರನ್ನು ಹಾಗೆಯೇ ಬಿಟ್ಟು, ಅದೇ ಸಾಲಿನಲ್ಲಿ ಮುಂದೆ ಹೋಗಿ ವಿಪಿ ಲೈನ್‌ಟೈಪ್ ಎನ್ನುವಲ್ಲಿ ಹಿಡನ್ ಗೆರೆಯನ್ನು ಆರಿಸುತ್ತೇನೆ. ಈಗ ನೆಲದ ಪ್ಲಾನಿನ ಸುತ್ತ ಸೂರು ತುಂಡು ಗೆರೆಯಾಗಿ ಕಾಣುತ್ತದೆ. ಎರಡನೆಯ ಹಾಳೆಯ ಕಿಟಕಿಯಲ್ಲಿ ಮೂರೂ ಲೇಯರ್‌ಗಳು ತೆರೆದಿರುತ್ತವೆ, ಸೂರು ಅಲ್ಲಿ ತುಂಡಿಲ್ಲದ ದಪ್ಪ ಗೆರೆ; ಮುಚ್ಚುವುದು ಪೀಠೋಪಕರಣ, ಬಾಗಿಲು ಮತ್ತು ಒಳಗಿನ ಅಳತೆಗಳನ್ನು. ಗೆರೆ ಒಂದೇ, ವೇಷ ಎರಡು. ಯಜಮಾನರು ಸೂರನ್ನು ಇನ್ನೂ ಅರ್ಧ ಅಡಿ ಚಾಚಿ ಎಂದರೆ ಆ ಒಂದು ಗೆರೆಯನ್ನು ಸರಿಸಿದರಾಯಿತು.

ತುಂಡು ಗೆರೆ ಕಿಟಕಿಯಲ್ಲಿ ಇಡಿಯಾಗಿಯೇ ಕಂಡರೆ ಗಾಬರಿ ಬೇಡ. ತುಂಡುಗಳ ಉದ್ದ ಹಿಡಿಯುವ ಎರಡು ಬೆಲೆಗಳಿವೆ: ಪಿಎಸ್‌ಎಲ್‌ಟಿಸ್ಕೇಲ್ 1 ಇದೆಯೇ ನೋಡಿ, ಎಲ್‌ಟಿಸ್ಕೇಲ್ ಅತಿಯಾಗಿಲ್ಲ ಎಂದು ನೋಡಿ, ಆಮೇಲೆ ಚಿತ್ರವನ್ನು ಮತ್ತೆ ಬರೆಸುವ ರೀಜೆನ್‌ಆಲ್ ಕೊಡಿ.

ಎಲೆಕ್ಟ್ರಿಕಲ್ ಹಾಳೆಯಲ್ಲಿ ಗೋಡೆ ತೆಳ್ಳಗೆ ಬೂದು ಬಣ್ಣದಲ್ಲಿ ಕಾಣಬೇಕು. ಪರದೆಯ ಮೇಲೆ ಬೂದು ಇದೆ, ಮುದ್ರಣದಲ್ಲಿ ಕಪ್ಪು ಬರುತ್ತಿದೆ.

ವಿಪಿ ಕಲರ್ ಕಾಲಮ್ಮಿನಲ್ಲಿ ಗೋಡೆಗೆ 8ನೆಯ ಬಣ್ಣ ಕೊಟ್ಟಿದ್ದೀರಿ, ಸರಿ. ಆದರೆ ಮುದ್ರಣಕ್ಕೆ ಮಾನೋಕ್ರೋಮ್ ಸಿಟಿಬಿ ಆರಿಸಿದ್ದೀರಿ; ಸಿಟಿಬಿ ಎಂದರೆ ಯಾವ ಬಣ್ಣ ಕಾಗದದಲ್ಲಿ ಹೇಗೆ ಬರಬೇಕೆಂದು ಹೇಳುವ ಕಡತ. ಆ ಸಿಟಿಬಿಯ ಕೆಲಸವೇ 1ರಿಂದ 255ರವರೆಗಿನ ಬಣ್ಣಗಳನ್ನೆಲ್ಲ ಕಪ್ಪು ಮಾಡುವುದು. ನಿಮ್ಮ 8ನ್ನೂ ಅದು ಬಿಡುವುದಿಲ್ಲ. ಆ ಸಿಟಿಬಿಯ ಪ್ರತಿ ಮಾಡಿಕೊಂಡು, ನಿಮ್ಮ ಕಚೇರಿಯ ಹೆಸರಿಟ್ಟು, 8ನೆಯ ಬಣ್ಣದ ಸ್ಕ್ರೀನಿಂಗ್ (ಶಾಯಿಯ ಗಾಢತೆ) ಅನ್ನು 100ರಿಂದ 50ಕ್ಕೆ ಇಳಿಸಿ. ಮೂಲವನ್ನು ತಿದ್ದಬೇಡಿ, ಇನ್ನೊಬ್ಬರ ನಕ್ಷೆ ಹಾಳಾಗುತ್ತದೆ.

ವಿಪಿ ಟ್ರಾನ್ಸ್‌ಪರೆನ್ಸಿ ಎಂಬ ಇನ್ನೊಂದು ದಾರಿಯೂ ಇದೆ. ಅದಕ್ಕೆ ಮುದ್ರಣ ಕೊಡುವ ಪ್ಲಾಟ್ ಪೆಟ್ಟಿಗೆಯಲ್ಲಿ ಪ್ಲಾಟ್ ಟ್ರಾನ್ಸ್‌ಪರೆನ್ಸಿ ಎಂಬ ಚೌಕಕ್ಕೆ ಗುರುತು ಹಾಕಬೇಕು, ಹಾಕದಿದ್ದರೆ ಪರದೆಯ ಚಂದ ಪರದೆಯಲ್ಲೇ ಉಳಿಯುತ್ತದೆ. ನನಗೆ ಸ್ಕ್ರೀನಿಂಗ್ ದಾರಿಯೇ ವಾಸಿ.

ವಿಪಿ ಕಲರ್ ಬದಲಿಸಿದರೂ ಕೆಲವು ಗೆರೆಗಳು ಬದಲಾಗಲಿಲ್ಲ.

ಆ ಗೆರೆಗಳನ್ನು ಬರೆದವರು ಬಣ್ಣವನ್ನು ಲೇಯರಿಗೆ ಬಿಡದೆ ಕೈಯಾರೆ ಕೊಟ್ಟಿದ್ದಾರೆ. ಕಿಟಕಿಯ ಮಾತು ಕೇಳುವುದು ಬೈಲೇಯರ್ ಆಗಿರುವ, ಅಂದರೆ ಬಣ್ಣವನ್ನು ಲೇಯರಿನಿಂದಲೇ ಪಡೆಯುವ, ವಸ್ತುಗಳು ಮಾತ್ರ. ಸೆಟ್‌ಬೈಲೇಯರ್ ಕಮಾಂಡ್ ಕೊಟ್ಟು ಅವುಗಳನ್ನು ಆಯ್ಕೆ ಮಾಡಿ. ಬೇರೆ ಕಚೇರಿಯಿಂದ ಬಂದ ಕಡತವಾದರೆ ಇದು ನಾನು ಮಾಡುವ ಮೊದಲನೆಯ ಕೆಲಸ, ಕಾಫಿಗಿಂತಲೂ ಮೊದಲು. ಯಾವ ಲೇಯರಿಗೆ ಕಿಟಕಿಯಲ್ಲಿ ಬೇರೆ ವೇಷ ಹಾಕಿದ್ದೀರಿ ಎಂಬುದು ಪಟ್ಟಿಯಲ್ಲಿ ತಿಳಿ ನೀಲಿ ಹಿನ್ನೆಲೆಯಿಂದ ಗೊತ್ತಾಗುತ್ತದೆ. ಬೇಡವೆನಿಸಿದರೆ ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ವ್ಯೂಪೋರ್ಟ್ ಓವರ್‌ರೈಡ್ ತೆಗೆಯುವ ಆಯ್ಕೆ ಹಿಡಿಯಿರಿ.

ಹತ್ತು ಕಿಟಕಿಗಳಿವೆ. ಪ್ರತಿಯೊಂದರ ಒಳಗೂ ಹೋಗಿ ಇಪ್ಪತ್ತು ಲೇಯರ್ ಒತ್ತಬೇಕೇ?

ಬೇಡ, ವಿಪಿಲೇಯರ್ ಕಮಾಂಡ್ ಇದೆ. ಹೊಸಬರು ಇದನ್ನು ಮುಟ್ಟುವುದಿಲ್ಲ, ಬಟನ್ ಇಲ್ಲದ್ದನ್ನು ಯಾರೂ ಮುಟ್ಟುವುದಿಲ್ಲ. ಹಾಳೆಯಲ್ಲಿದ್ದುಕೊಂಡು ಕಮಾಂಡ್ ಕೊಡಿ, ಫ್ರೀಜ್‌ಗೆ ಎಫ್ ಒತ್ತಿ, ಲೇಯರಿನ ಹೆಸರು ಬರೆಯಿರಿ. ಹೆಸರುಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆಯಬಹುದು, ನಕ್ಷತ್ರ ಚಿಹ್ನೆಯನ್ನೂ ಬಳಸಬಹುದು. ನನ್ನ ವಿದ್ಯುತ್ ಲೇಯರ್‌ಗಳ ಹೆಸರೆಲ್ಲ 'ಇ-' ಎಂದು ಶುರುವಾಗುತ್ತವೆ, ಆದ್ದರಿಂದ 'ಇ-*' ಎಂದರೆ ದೀಪ, ಫ್ಯಾನು, ಸ್ವಿಚ್ಚು, ವೈರು ಎಲ್ಲವೂ ಬಂದವು. ಆಮೇಲೆ ಎಲ್ಲ ಕಿಟಕಿಗಳಲ್ಲೋ, ಆಯ್ದವುಗಳಲ್ಲೋ, ಈಗಿನದರಲ್ಲೋ ಎಂದು ಕೇಳುತ್ತದೆ. ಎಲ್ಲವೂ ಎಂದು ಹೇಳಿ ಎಂಟರ್ ಒತ್ತಿ. ಅನಂತರ ವಿದ್ಯುತ್ತಿನ ಒಂದು ಕಿಟಕಿಯಲ್ಲಿ ಮಾತ್ರ ಥಾ ಮಾಡಿ. ಎರಡು ನಿಮಿಷದ ಕೆಲಸ. ಲೇಯರಿಗೆ ಹೆಸರಿಡುವಾಗ ಶಿಸ್ತು ಇಲ್ಲದಿದ್ದರೆ ಈ ಸುಖ ಸಿಗುವುದಿಲ್ಲ.

ಒಂದೇ ಲೇಯರ್ ಒಂದೇ ಕಿಟಕಿಯಲ್ಲಿ ಉಳಿದು ಬೇರೆಲ್ಲ ಕಡೆ ಮುಚ್ಚಬೇಕಾದರೆ ಲೇವಿಪಿಐ ಸಾಕು: ಕಿಟಕಿಯೊಳಗೆ ನಿಂತು ಆ ವಸ್ತುವನ್ನು ಮುಟ್ಟಿದರಾಯಿತು.

ಹೊಸ ಲೇಯರ್ ಮಾಡಿದ ಕೂಡಲೇ ಅದು ಮುಗಿಸಿಟ್ಟ ಹಾಳೆಗಳಲ್ಲೆಲ್ಲ ಬಂದು ಕೂರುತ್ತದೆ.

ಕೂರುತ್ತದೆ, ಕರೆಯದ ನೆಂಟರ ಹಾಗೆ. ಲೇಯರ್ ಪಟ್ಟಿಯ ಮೇಲ್ಭಾಗದಲ್ಲಿ ಹೊಸ ಲೇಯರಿನ ಬಟನ್ ಪಕ್ಕದಲ್ಲೇ ಇನ್ನೊಂದು ಬಟನ್ ಇದೆ. ಅದರಿಂದ ಮಾಡಿದ ಲೇಯರ್ ಹುಟ್ಟುವಾಗಲೇ ಎಲ್ಲ ಕಿಟಕಿಗಳಲ್ಲೂ ಫ್ರೀಜ್ ಆಗಿರುತ್ತದೆ, ಬೇಕಾದ ಕಡೆ ನೀವು ತೆರೆಯುತ್ತೀರಿ. ನ್ಯೂ ವಿಪಿ ಫ್ರೀಜ್ ಎಂಬ ಕಾಲಮ್ಮನ್ನು ಇದರೊಂದಿಗೆ ಬೆರೆಸಬೇಡಿ. ಅದು ಮುಂದೆ ಮಾಡುವ ಕಿಟಕಿಗಳಿಗೆ, ಈಗಾಗಲೇ ಇರುವ ಕಿಟಕಿಗಳನ್ನು ಮುಟ್ಟುವುದಿಲ್ಲ. ಇರುವ ಕಿಟಕಿಯನ್ನೇ ಕಾಪಿ ಮಾಡಿದರೆ ಅದರ ವಿಪಿ ಫ್ರೀಜ್‌ಗಳೂ ಜೊತೆಗೇ ಬರುತ್ತವೆ. ಎಷ್ಟೋ ಸಲ ಅದೇ ಹತ್ತಿರದ ದಾರಿ.

ಒಂದು ಲೇಯರ್ ಫ್ರೀಜ್ ಮಾಡಿದರೆ ಇಡೀ ಬ್ಲಾಕ್ ಹೋಗುತ್ತದೆ, ಇನ್ನೊಮ್ಮೆ ಅರ್ಧ ಮಾತ್ರ ಹೋಗುತ್ತದೆ. ಯಾಕೆ?

ಬ್ಲಾಕ್ ಎಂದರೆ ಹಲವು ಗೆರೆ ಸೇರಿಸಿ ಒಂದೇ ವಸ್ತುವಾಗಿ ಮಾಡಿಟ್ಟ ಚಿತ್ರ. ಅದಕ್ಕೆ ಎರಡು ನೆಲೆ: ಒಳಗಿನ ಗೆರೆಗಳು ಯಾವ ಲೇಯರಿನವು, ಬ್ಲಾಕನ್ನು ತಂದು ಇಟ್ಟದ್ದು ಯಾವ ಲೇಯರಿನಲ್ಲಿ. ಇಟ್ಟ ಲೇಯರನ್ನು ಫ್ರೀಜ್ ಮಾಡಿದರೆ ಒಳಗಿನದು ಯಾವ ಲೇಯರಿನದಾದರೂ ಸರಿ, ಎಲ್ಲವೂ ಹೋಗುತ್ತದೆ. ಇಟ್ಟ ಲೇಯರನ್ನು ಆಫ್ ಮಾಡಿದರೆ ಆ ಲೇಯರಿನ ಗೆರೆಗಳು ಮಾತ್ರ ಹೋಗುತ್ತವೆ, ಉಳಿದವು ಅಂತರದಲ್ಲಿ ನೇತಾಡುತ್ತವೆ. ಮನೆಯ ಬಾಗಿಲು, ಗೋಡೆಯ ಕಿಟಕಿ, ಕಪಾಟುಗಳ ಬ್ಲಾಕನ್ನು ಸೊನ್ನೆ ಲೇಯರಿನಲ್ಲಿ ಬರೆದು ಬೇಕಾದ ಲೇಯರಿನಲ್ಲಿ ಇಟ್ಟರೆ ಅವು ಇಟ್ಟ ಲೇಯರಿನ ಗುಣವನ್ನೇ ಪಡೆಯುತ್ತವೆ, ತಲೆನೋವಿಲ್ಲ.

ಸರ್ವೆಯವರ ಕಡತವನ್ನು ಎಕ್ಸ್‌ರೆಫ್ ಆಗಿ (ನನ್ನ ಕಡತಕ್ಕೆ ಹೊರಗಿನಿಂದ ಜೋಡಿಸಿ) ತಂದಿದ್ದೇನೆ. ಮುಚ್ಚಿದ ಲೇಯರ್‌ಗಳು ಮರುದಿನ ಕಡತ ತೆರೆದಾಗ ಮತ್ತೆ ಕಾಣುತ್ತಿವೆ.

ತೀರ್ಥಹಳ್ಳಿಯ ಇಳಿಜಾರಿನ ಜಾಗಕ್ಕೆ ಸರ್ವೆ ಇಲ್ಲದೆ ಕೈ ಹಾಕುವಂತಿಲ್ಲ. ಧರೆ ಎಲ್ಲಿ ಕಡಿಯಬೇಕು, ಮಳೆಯ ನೀರು ಯಾವ ಕಡೆಗೆ ಹೋಗಬೇಕು ಎಂಬುದೆಲ್ಲ ಸಮೋನ್ನತ ರೇಖೆಗಳಲ್ಲೇ ಇರುತ್ತದೆ. ಸೈಟ್ ಪ್ಲಾನಿನ ಕಿಟಕಿಯಲ್ಲಿ ಅವು ಬೇಕೇ ಬೇಕು, ಅಡುಗೆಮನೆಯ ಕಿಟಕಿಯಲ್ಲಿ ಬೇಡವೇ ಬೇಡ. ವಿಸ್‌ರಿಟೇನ್ ಎಂಬ ಬೆಲೆ 0 ಆಗಿದ್ದರೆ ಎಕ್ಸ್‌ರೆಫ್ ಮತ್ತೆ ಲೋಡ್ ಆದಾಗಲೆಲ್ಲ ಅದರ ಲೇಯರ್‌ಗಳು ಸರ್ವೆಯವರು ಬಿಟ್ಟ ಸ್ಥಿತಿಗೆ ಹೋಗುತ್ತವೆ. 1 ಮಾಡಿದರೆ ನೀವು ಮಾಡಿದ್ದು ನಿಮ್ಮ ಕಡತದಲ್ಲಿ ಉಳಿಯುತ್ತದೆ. ಆ ಲೇಯರ್‌ಗಳನ್ನು ಗುರುತಿಸುವುದು ಸುಲಭ, ಕಡತದ ಹೆಸರು, ನಡುವೆ ಒಂದು ನಿಂತ ಗೆರೆ, ಆಮೇಲೆ ಲೇಯರಿನ ಹೆಸರು.

ನನ್ನ ಅಭ್ಯಾಸವೊಂದಿದೆ. ಪ್ರತಿ ಎಕ್ಸ್‌ರೆಫ್‌ಗೂ ಒಂದೊಂದು ಲೇಯರ್ ಮಾಡಿ ಅದರಲ್ಲೇ ಇಡುತ್ತೇನೆ. ಇಡೀ ಸರ್ವೆ ಬೇಡವಾದ ಕಿಟಕಿಯಲ್ಲಿ ಆ ಒಂದು ಲೇಯರನ್ನು ವಿಪಿ ಫ್ರೀಜ್ ಮಾಡಿದರೆ ಮರ, ಬಾವಿ, ಬೇಲಿ, ಬಸಿಗಾಲುವೆ ಎಲ್ಲ ಒಟ್ಟಿಗೇ ಹೋಗುತ್ತವೆ.

ಕಿಟಕಿಯ ಅಂಚಿನ ಚೌಕ ಮುದ್ರಣದಲ್ಲಿ ಬರುತ್ತದೆ.

ಕಿಟಕಿಗಳಿಗೇ ಒಂದು ಲೇಯರ್ ಮಾಡಿ, ಅದರ ಪ್ರಿಂಟರ್ ಚಿತ್ರವನ್ನು ಒತ್ತಿ ಮುದ್ರಣ ನಿಲ್ಲಿಸಿ. ಅಂಚು ಪರದೆಯಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಡೆಫ್‌ಪಾಯಿಂಟ್ಸ್ ಲೇಯರಿನಲ್ಲಿ ಇಡುವವರೂ ಇದ್ದಾರೆ, ನನಗೆ ಅದು ಹಿಡಿಸದು. ಅದು ಅಳತೆಗಳಿಗೆಂದು ತಂತ್ರಾಂಶವೇ ಮಾಡಿಕೊಂಡ ಜಾಗ. ಅಂಕುಡೊಂಕಾದ ಕಿಟಕಿ ಇದ್ದರೆ ಅದರ ಲೇಯರನ್ನು ಫ್ರೀಜ್ ಮಾಡಬೇಡಿ, ಕತ್ತರಿಸಿದ ಆಕಾರ ಕೆಡುತ್ತದೆ. ಅಲ್ಲಿ ಆಫ್ ಸರಿ.

ಸೈಟ್ ಪ್ಲಾನಿನಲ್ಲಿ ಅಕ್ಷರಗಳು ಇರುವೆಯಷ್ಟು ಚಿಕ್ಕದಾಗುತ್ತವೆ.

ಹಾಳೆಯಲ್ಲಿ 2.5 ಮಿಲಿಮೀಟರ್ ಅಕ್ಷರ ಬೇಕೆಂದು ಮಾಡೆಲ್‌ನಲ್ಲಿ 250 ಇಟ್ಟಿದ್ದೀರಿ. 1:100ರಲ್ಲಿ ಸರಿ. 1:200ರ ಕಿಟಕಿಯಲ್ಲಿ ಅದೇ ಅಕ್ಷರ 1.25 ಆಯಿತು. ಹಳೆಯ ದಾರಿ: ಅಕ್ಷರಕ್ಕೆ ಎರಡು ಲೇಯರ್, ಒಂದರಲ್ಲಿ 250, ಇನ್ನೊಂದರಲ್ಲಿ 500, ಕಿಟಕಿಗೆ ತಕ್ಕಂತೆ ಒಂದನ್ನು ವಿಪಿ ಫ್ರೀಜ್ ಮಾಡುವುದು. ಹೊಸ ದಾರಿ: ಅನೊಟೇಟಿವ್ ಅಕ್ಷರ, ಕಿಟಕಿಯ ಸ್ಕೇಲ್ ನೋಡಿ ತಾನೇ ಹಿಗ್ಗುವಂಥದ್ದು. ಇದೂ 2008ರಲ್ಲೇ ಬಂದದ್ದು. ಹೊಸ ದಾರಿಯೇ ಒಳ್ಳೆಯದು ಎಂದು ಒಪ್ಪುತ್ತೇನೆ, ಆದರೆ ಎರಡು ಅಳತೆಗೆ ಬೇರೆ ಬೇರೆ ಮಾತು ಬರೆಯಬೇಕಾದಾಗ ಈಗಲೂ ನಾನು ಹಳೆಯದನ್ನೇ ಹಿಡಿಯುತ್ತೇನೆ. 1:200ರಲ್ಲಿ 'ಕೊಟ್ಟಿಗೆ' ಎಂದರೆ ಸಾಕು, 1:100ರಲ್ಲಿ ಗ್ವಾದಲಿಯ ಅಗಲವೂ ಬೇಕು.

ಒಮ್ಮೆ ಹೊಂದಿಸಿದ್ದನ್ನು ಮುಂದಿನ ಮನೆಗೂ ಬಳಸಬಹುದೇ?

ಲೇಯರ್‌ಸ್ಟೇಟ್ ಕಮಾಂಡಿನಲ್ಲಿ ಈಗಿನ ಸ್ಥಿತಿಗೆ ಹೆಸರಿಟ್ಟು ಉಳಿಸಿ, ಬೇಕಾದರೆ ಎಲ್‌ಎಎಸ್ ಕಡತವಾಗಿ ಹೊರಗೆ ಕಳುಹಿಸಿ. ಕಿಟಕಿಯೊಳಗೆ ನಿಂತು ಉಳಿಸಿದರೆ ಆ ಕಿಟಕಿಯಲ್ಲಿ ಏನು ಕಾಣುತ್ತಿತ್ತು ಎಂಬುದೂ ಸೇರುತ್ತದೆ. ಹಾಳೆಗೊಂದು ಸ್ಟೇಟ್ ಎಂದು ನಾನು ಉಳಿಸುತ್ತೇನೆ: ಮೇಸ್ತ್ರಿ, ಮಾಡು, ವಿದ್ಯುತ್, ನೀರು. ಮುಂದಿನ ಮನೆಯ ಲೇಯರ್‌ಗಳ ಹೆಸರು ಇವೇ ಆಗಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಕಿಟಕಿ ಪೂರ್ತಿ ಖಾಲಿ. ಲೇಯರ್ ಎಲ್ಲ ತೆರೆದೇ ಇದೆ.

ಅಂಚನ್ನು ಆಯ್ಕೆ ಮಾಡಿ ಪ್ರಾಪರ್ಟೀಸ್‌ನಲ್ಲಿ 'ಆನ್' ಎಂಬುದು 'ನೋ' ಆಗಿದೆಯೇ ನೋಡಿ. ಕಿಟಕಿಗಳು ಬಹಳ ಇದ್ದರೆ ಒಮ್ಮೆಗೆ ಎಷ್ಟು ಕಿಟಕಿ ಕಾಣಬಹುದು ಎಂಬ ಮಿತಿ ಮ್ಯಾಕ್ಸ್‌ಆಕ್ಟ್‌ವಿಪಿ ನೋಡಿ, ಸಾಮಾನ್ಯವಾಗಿ 64 ಇರುತ್ತದೆ, ಯಾರೋ ಇಳಿಸಿಟ್ಟಿರಬಹುದು. ಎರಡೂ ಸರಿಯಿದ್ದರೆ ಕಿಟಕಿಯ ಲಾಕ್ ತೆಗೆದು ಒಳಗೆ ಹೋಗಿ ಜೂಮ್ ಎಕ್ಸ್‌ಟೆಂಟ್ಸ್ ಕೊಡಿ. ಮನೆ ತೀರ್ಥಹಳ್ಳಿಯಲ್ಲಿದ್ದರೆ ನಿಮ್ಮ ಕಿಟಕಿ ಸೊರಬದ ಕಡೆಗೆ ನೋಡುತ್ತಿರುತ್ತದೆ.

ಒಂದು ಕೊಟ್ಟಿಗೆಯ ನಕ್ಷೆಗೂ ಇಷ್ಟೆಲ್ಲ ಬೇಕೇ?

ಬೇಡ. ನಾಲ್ಕು ಕಂಬ, ಒಂದು ಮಾಡು, ಎರಡು ಗ್ವಾದಲಿ: ಒಂದು ಹಾಳೆ, ಒಂದು ಕಿಟಕಿ, ಬರೆದು ಕೊಟ್ಟುಬಿಡಿ. ಯಜಮಾನರು ಮರುವಾರ ಬಂದು, ಗೊಬ್ಬರಗುಂಡಿ ಎಲ್ಲಿ, ಗೋಬರ್ ಗ್ಯಾಸಿನ ಪೈಪ್ ಅಡುಗೆಮನೆಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿದರೆ, ಆಗ ಎರಡನೆಯ ಕಿಟಕಿ ಕೊರೆಯಿರಿ.